ಹಗೇವಿನೊಳಗಿನ ಉಸಿರು

ಕಾಳು ಕೂಡಿಡುವ ನೆಲದಡಿಯ ಹಗೇವನ್ನು ತೆರೆದ ಕೂಡಲೇ ಯಾರೂ ಅದರೊಳಗೆ ಇಳಿಯುತ್ತಿರಲಿಲ್ಲ. ಬಾಯಿಗೆ ಮುಚ್ಚಿದ ಕಲ್ಲುಚಪ್ಪಡಿ ಸರಿಸಿ, ಮೆತ್ತಿದ ಮಣ್ಣು ಕೆರೆದು ತೆಗೆದು, ಒಂದಷ್ಟು ಹೊತ್ತು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಮೆಲ್ಲಗೆ ಕೆಳಗೆ ಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ಆರಿತೋ, ಇನ್ನೂ ಕಾಯಬೇಕು. ಕಾಯುವ ವ್ಯವಧಾನವಿಲ್ಲದೆ ಇಳಿದವರು ಒಳಗೇ ಕುಸಿದದ್ದು, ಅವರನ್ನು ಎತ್ತಲು ಹೋದವರೂ ಮೇಲೆ ಬಾರದೇ ಹೋದದ್ದು, ಇಂಥ ಕತೆಗಳು ರಾಗಿ ಸೀಮೆಯ ಹಳೆಯ ತಲೆಗಳಿಗೆ ಗೊತ್ತು.

ದೀಪವನ್ನು ಆರಿಸಿದ್ದು ಯಾರು? ರಾಗಿಯೇ. ಹಗೇವಿನಲ್ಲಿ ತುಂಬಿಟ್ಟದ್ದು ಬರೀ ದಿನಸಿಯಲ್ಲ, ಮೂಟೆಗಟ್ಟಲೆ ಜೀವಂತ ಬೀಜ. ಒಣಗಿ ನಿದ್ದೆ ಹೋದ ಬೀಜವೂ ತೀರ ಸಣ್ಣಗೆ ಉಸಿರಾಡುತ್ತದೆ. ತುಸು ಪಸೆ ಇದ್ದರೆ ಇನ್ನೂ ಜೋರಾಗಿ. ಜತೆಗೆ ಸೇರಿಕೊಂಡ ಹುಳು, ಬೂಷ್ಟುಗಳದ್ದೂ ಒಂದು ಪಾಲು. ಗಾಳಿ ಆಡದ ಗುಂಡಿಯಲ್ಲಿ ತಿಂಗಳುಗಟ್ಟಲೆ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅಂದರೆ ದೀಪದ ಬತ್ತಿ ಮಾಡುವ ಕೆಲಸವನ್ನೇ ಕಾಳೂ ಮಾಡಿದೆ: ಆಮ್ಲಜನಕ ತೆಗೆದುಕೊಂಡಿದೆ, ತನ್ನೊಳಗಿನ ಇಂಗಾಲವನ್ನು ಸುಟ್ಟಿದೆ. ಆದರೆ ಕತ್ತಲಲ್ಲಿ, ಜ್ವಾಲೆಯಿಲ್ಲದೆ, ಹೊಗೆಯಿಲ್ಲದೆ. ನನಗೆ ಬಹಳ ಕಾಲ ಅರ್ಥವಾಗದೇ ಉಳಿದದ್ದು ಈ ಕೊನೆಯ ಮಾತು.

ಉಸಿರಾಟವೂ ಉರಿಯೂ ಒಂದೇ ಬಳಗದವು ಎಂದು ಅಳೆದು ತೋರಿಸಿದವರು ಫ್ರಾನ್ಸಿನ ಲಾವೋಸಿಯೆ ಮತ್ತು ಲಾಪ್ಲಾಸ್. 1780ರ ದಶಕದ ಆರಂಭದಲ್ಲಿ ಅವರು ಒಂದು ಗಿನಿ ಹಂದಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿ, ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತು ಎಂದು ಅಳೆದರು. ಅದು ಬಿಟ್ಟ ಗಾಳಿಯ ಲೆಕ್ಕವನ್ನು ಇದ್ದಿಲು ಉರಿಸಿದಾಗ ಬರುವ ಗಾಳಿ ಮತ್ತು ಬಿಸಿಯ ಜತೆ ಹೋಲಿಸಿದರು. ಹೆಚ್ಚು ಕಡಿಮೆ ತಾಳೆಯಾಯಿತು. ಉಸಿರಾಟವೆಂದರೆ ನಿಧಾನದ ಬೆಂಕಿ ಎಂದರು. ಮಾತು ಸರಿ, ಆದರೆ ಅರ್ಧ ಮಾತ್ರ.

ಏಕೆಂದರೆ ಬೆಂಕಿ ಹಚ್ಚಿದರೆ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಬಿಸಿಯಿಂದ ಕೆಲಸ ತೆಗೆಯಬೇಕಾದರೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರಲೇಬೇಕು. ಉಗಿಬಂಡಿ ಓಡುತ್ತಿದ್ದುದು ಹಾಗೆ. ಜೀವಕೋಶದ ಈ ಮೂಲೆಗೂ ಆ ಮೂಲೆಗೂ ಅಂಥ ವ್ಯತ್ಯಾಸವೇ ಇಲ್ಲ. 180 ಗ್ರಾಂ ಗ್ಲುಕೋಸ್ ಪೂರ್ತಿ ಉರಿದರೆ ಸುಮಾರು 670 ಕಿಲೋಕ್ಯಾಲರಿ ಹೊರಬೀಳುತ್ತದೆ. ಅದು ಒಮ್ಮೆಗೇ ಬಿಸಿಯಾಗಿ ಬಂದರೆ ಕೋಶ ಬೇಯುತ್ತದೆ, ಕೆಲಸ ಮಾತ್ರ ಒಂದೂ ಆಗುವುದಿಲ್ಲ. ಹಾಗಾದರೆ ಕೈ ಎತ್ತುವುದು, ಅಳುವುದು, ಈ ಸಾಲನ್ನು ಓದುವುದು, ಇದಕ್ಕೆಲ್ಲ ಬೇಕಾದ ಶಕ್ತಿಯನ್ನು ಮೈ ಯಾವ ರೂಪದಲ್ಲಿ ಹಿಡಿದುಕೊಳ್ಳುತ್ತದೆ?

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಒಂದು ನೀಲಿ ಬಣ್ಣದಲ್ಲಿ. ಅದನ್ನು ಕಂಡವರಲ್ಲೊಬ್ಬರು ನಮ್ಮ ನೆರೆಯವರು, ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಖಾದಿ ನಿಲುವಂಗಿ ತೊಟ್ಟು ಹೋದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್. ಅಮೆರಿಕದ ಬಾಸ್ಟನ್ ಸೇರಿ, ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಆಳಾಗಿ ದುಡಿದು ಹಾರ್ವರ್ಡಿನಲ್ಲಿ ಓದಿದರು. ಅಲ್ಲಿ ಸೈರಸ್ ಫಿಸ್ಕೆ ಎಂಬುವರ ಜತೆ 1925ರಲ್ಲಿ ಒಂದು ಸರಳ ಪರೀಕ್ಷೆ ರೂಪಿಸಿದರು: ರಕ್ತದಲ್ಲೋ ಮಾಂಸದಲ್ಲೋ ಫಾಸ್ಫೇಟ್ ಎಷ್ಟಿದೆ ಎಂಬುದನ್ನು ದ್ರಾವಣ ಎಷ್ಟು ನೀಲಿಯಾಯಿತು ಎಂಬುದರಿಂದ ಅಳೆಯುವುದು. ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಅದು ಫಿಸ್ಕೆ–ಸುಬ್ಬರಾವ್ ವಿಧಾನ ಎಂದೇ ನಡೆಯಿತು.

ಸ್ನಾಯುವಿನ ರಸಕ್ಕೆ ಈ ಪರೀಕ್ಷೆ ಹಚ್ಚಿದಾಗ ಒಂದು ವಿಚಿತ್ರ ಕಂಡಿತು. ನೀಲಿ ಥಟ್ಟನೆ ಬರಲಿಲ್ಲ. ಸ್ವಲ್ಪ ಬಂದು, ಆಮೇಲೆ ನಿಧಾನವಾಗಿ ಗಾಢವಾಗುತ್ತ ಹೋಯಿತು. ಬೇರೆಯವರಾಗಿದ್ದರೆ ಔಷಧಿ ಕೆಟ್ಟಿದೆ ಎಂದು ಚೆಲ್ಲಿಬಿಡುತ್ತಿದ್ದರೇನೋ. ಇವರು ಯೋಚಿಸಿದ್ದೇ ಬೇರೆ: ಫಾಸ್ಫೇಟು ಯಾವುದಕ್ಕೋ ಸಡಿಲವಾಗಿ ಅಂಟಿಕೊಂಡಿರಬೇಕು, ಪರೀಕ್ಷೆಯ ಆಮ್ಲದಲ್ಲಿ ಅದು ಮೆಲ್ಲಮೆಲ್ಲನೆ ಕಳಚಿಕೊಳ್ಳುತ್ತಿರಬೇಕು. ಹಾಗೆ 1927ರಲ್ಲಿ ಸಿಕ್ಕಿದ್ದು ಫಾಸ್ಫೊಕ್ರಿಯಾಟಿನ್. ಅದೇ ಹೊತ್ತಿಗೆ ಇಂಗ್ಲೆಂಡಿನ ಎಗಲ್‌ಟನ್ ದಂಪತಿಗೂ ಅದರ ಸುಳಿವು ಹತ್ತಿತ್ತು. 1929ರಲ್ಲಿ ಇನ್ನೊಂದು ವಸ್ತು ಸಿಕ್ಕಿತು, ಮೂರು ಫಾಸ್ಫೇಟುಗಳ ಬಾಲವಿರುವ ಅಡಿನೋಸಿನ್ ಟ್ರೈಫಾಸ್ಫೇಟ್. ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಅದೇ ವರ್ಷ ಅದನ್ನು ಬೇರ್ಪಡಿಸಿದರು. ಇದೇ ಎಟಿಪಿ.

ಸುಬ್ಬರಾಯರಿಗೆ ಹಾರ್ವರ್ಡಿನಲ್ಲಿ ಕಾಯಂ ಕೆಲಸ ಸಿಗಲಿಲ್ಲ. 1940ರಲ್ಲಿ ಔಷಧಿ ಕಂಪನಿ ಸೇರಿ ಫಾಲಿಕ್ ಆಮ್ಲ, ಕ್ಯಾನ್ಸರಿನ ಮೆಥೊಟ್ರೆಕ್ಸೇಟ್ ಮುಂತಾದವುಗಳ ಶೋಧ ನಡೆಸಿದ ತಂಡಗಳನ್ನು ಮುನ್ನಡೆಸಿ 1948ರಲ್ಲಿ ತೀರಿಕೊಂಡರು. ಆನೆಕಾಲು ರೋಗ ತಡೆಯಲು ನಮ್ಮ ಕರಾವಳಿಯಲ್ಲೂ ಕಲಬುರಗಿ ಕಡೆಯಲ್ಲೂ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆಯ ಹಿಂದೆಯೂ ಅವರದೇ ತಂಡವಿತ್ತು. ಮಾತ್ರೆ ನುಂಗಿದವರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು?

ಎಟಿಪಿ ಎಂದರೆ ಕೋಶದ ಚಿಲ್ಲರೆ ಹಣ ಎಂದು ಮೇಷ್ಟ್ರುಗಳು ಹೇಳುತ್ತಾರೆ. ಕಂಡಕ್ಟರಿಗೆ ಹತ್ತು ರೂಪಾಯಿ ಟಿಕೆಟಿಗೆ ಐನೂರರ ನೋಟು ಚಾಚಿದರೆ ಮುಖ ಸಿಂಡರಿಸುತ್ತಾನಲ್ಲ, ಹಾಗೆ ಕೋಶದ ಸಣ್ಣ ಕೆಲಸಗಳಿಗೆ ಇಡೀ ಗ್ಲುಕೋಸ್ ದೊಡ್ಡ ನೋಟು. ಮುರಿಸಿಕೊಂಡು ಮೂವತ್ತರಷ್ಟು ಎಟಿಪಿ ಮಾಡಿಕೊಂಡರೆ ವ್ಯವಹಾರ ಸಲೀಸು. (ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದು ಬಾಯಿಪಾಠ ಮಾಡಿದವರು ಬೇಸರಿಸಬೇಡಿ, ಲೆಕ್ಕ ಈಚೆಗೆ 30–32ಕ್ಕೆ ಇಳಿದಿದೆ.) ಫೋನಿನಲ್ಲೇ ದುಡ್ಡು ಕೊಡುವ ಕಾಲದಲ್ಲಿ ಹೋಲಿಕೆ ಹಳತಾಯಿತು, ಆದರೂ ಕೆಲಸಕ್ಕೆ ಬರುತ್ತದೆ. ಯಾಕೆಂದರೆ ಚಿಲ್ಲರೆಯನ್ನು ಯಾರೂ ಕೂಡಿಡುವುದಿಲ್ಲ. ವಯಸ್ಕರೊಬ್ಬರ ಇಡೀ ಮೈಯಲ್ಲಿರುವ ಎಟಿಪಿ ಸುಮಾರು 100 ಗ್ರಾಂ ಅಷ್ಟೇ. ಸುಮ್ಮನೆ ಮಲಗಿದ್ದರೂ 24 ಗಂಟೆಯಲ್ಲಿ ಖರ್ಚಾಗುವುದು ಸುಮಾರು 40 ಕಿಲೋ! ಇದ್ದದ್ದನ್ನೇ ಒಡೆದು, ಮತ್ತೆ ಕಟ್ಟಿ, ಮತ್ತೆ ಒಡೆದು, ಒಂದೊಂದು ಅಣುವೂ ದಿನಕ್ಕೆ ನಾನೂರರಷ್ಟು ಸಲ ಕೈ ಬದಲಾಯಿಸುತ್ತದೆ.

ಕಂಬಳದ ಕೋಣಗಳ ಹಿಂದೆ ಕೆಸರುಗದ್ದೆಯಲ್ಲಿ ಓಡುವವನನ್ನು ನೋಡಿ. ಓಟ ಮುಗಿಯುವುದು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ. ಅವನ ತೊಡೆಯಲ್ಲಿ ಸಿದ್ಧವಿದ್ದ ಎಟಿಪಿ ಎರಡು ಮೂರು ಸೆಕೆಂಡಿಗೆ ಸಾಕು. ಮುಂದಿನ ಕೆಲವು ಸೆಕೆಂಡುಗಳಿಗೆ ಫಿಸ್ಕೆ, ಸುಬ್ಬರಾಯರು ಕಂಡ ಫಾಸ್ಫೊಕ್ರಿಯಾಟಿನ್ ತನ್ನ ಫಾಸ್ಫೇಟನ್ನು ದಾನ ಮಾಡಿ ಎಟಿಪಿಯನ್ನು ಮತ್ತೆ ನಿಲ್ಲಿಸುತ್ತದೆ. ಅದರ ಬೆನ್ನಿಗೇ ಆಮ್ಲಜನಕವಿಲ್ಲದೆ ಗ್ಲುಕೋಸ್ ಒಡೆಯುವ ಅವಸರದ ದಾರಿ ಶುರುವಾಗಿರುತ್ತದೆ, ಒಂದು ಗ್ಲುಕೋಸಿಗೆ ಎರಡೇ ಎರಡು ಎಟಿಪಿ ಕೊಡುವ ನಷ್ಟದ ದಾರಿ. ಎದೆ ತುಂಬ ಎಳೆದ ಉಸಿರು ತೊಡೆಗೆ ಪೂರ್ತಿ ನೆರವಾಗುವ ಹೊತ್ತಿಗೆ ಓಟ ಮುಗಿದು ಡೋಲು ನಿಂತಿರುತ್ತದೆ.

ನಿಜವಾದ ದಾಸ್ತಾನು ಬೇರೆಲ್ಲೋ ಇದೆ. ಅಡುಗೆಮನೆಯ ಡಬ್ಬಿಯಂತೆ ಕೈಗೆಟಕುವುದು ಗ್ಲೈಕೊಜನ್: ಪೊದೆಯಂತೆ ಕವಲೊಡೆದ ಗ್ಲುಕೋಸಿನ ಸರ. ಪಿತ್ತಜನಕಾಂಗದಲ್ಲಿ 100 ಗ್ರಾಂ, ಸ್ನಾಯುಗಳಲ್ಲೆಲ್ಲ ಸೇರಿ 400 ಗ್ರಾಂ ಆಸುಪಾಸು. ಒಂದು ಹೊತ್ತಿನ ಉಪವಾಸ ದಾಟಲು ಸಾಕು. ಹಗೇವು ಎಂದು ಕರೆಯಬೇಕಾದ್ದು ಕೊಬ್ಬನ್ನು. ಗ್ರಾಂಗೆ 9 ಕಿಲೋಕ್ಯಾಲರಿ, ಸಕ್ಕರೆ ಪಿಷ್ಟಗಳಿಗಾದರೆ 4. ವ್ಯತ್ಯಾಸ ಇಷ್ಟೇ ಅಲ್ಲ. ಗ್ಲೈಕೊಜನ್ ತನ್ನ ತೂಕದ ಮೂರು ಪಟ್ಟು ನೀರನ್ನೂ ಹೊತ್ತು ಕೂರುತ್ತದೆ. ಕೊಬ್ಬಿಗೆ ನೀರೆಂದರೆ ಆಗದು, ಒಣಒಣವಾಗಿ ಒತ್ತಾಗಿ ತುಂಬಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಹತ್ತು ಕಿಲೋ ಕೊಬ್ಬಿನಲ್ಲಿರುವ ಶಕ್ತಿಯನ್ನು ನೀರು ಸಮೇತ ಗ್ಲೈಕೊಜನ್ ರೂಪದಲ್ಲಿ ಹೊರಬೇಕಾದರೆ ಮೈಮೇಲೆ 90 ಕಿಲೋ ಹೇರಿಕೊಳ್ಳಬೇಕು. ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು ಬುತ್ತಿ ಕಟ್ಟಿಕೊಂಡು ಬರುವುದು ಕೊಬ್ಬಿನಲ್ಲಿ. ಗ್ಲೈಕೊಜನ್ ನಂಬಿಕೊಂಡಿದ್ದರೆ ಅದಕ್ಕೆ ನೆಲ ಬಿಟ್ಟು ಏಳಲೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ತಪ್ಪು ತಿದ್ದಬೇಕು. ಎಟಿಪಿಯ ಕೊನೆಯ ಕೊಂಡಿಯಲ್ಲಿ ಶಕ್ತಿ ಅಡಗಿದೆ, ಮುರಿದರೆ ಹೊರಗೆ ಚಿಮ್ಮುತ್ತದೆ ಎಂದು ನಾನೂ ಪಿಯುಸಿಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೇನೆ. 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಆ ಕೊಂಡಿಯನ್ನು ಅಲೆಯಂಥ ಗೀಟಿನಿಂದ ಗುರುತಿಸಿ ಅಧಿಕ ಶಕ್ತಿಯ ಬಂಧ ಎಂದು ಕರೆದರು. ಆ ಗೀಟು ಪಠ್ಯಗಳಲ್ಲಿ ಮನೆಮಾಡಿತು. ಲಿಪ್‌ಮನ್ನರಿಗೆ ತಾನು ಹೇಳುತ್ತಿರುವುದೇನು ಎಂದು ಚೆನ್ನಾಗಿ ಗೊತ್ತಿತ್ತು. ಆಮೇಲಿನವರಿಗೆ ಗೀಟಷ್ಟೇ ಉಳಿಯಿತು. ರಸಾಯನಶಾಸ್ತ್ರದಲ್ಲಿ ಯಾವ ಬಂಧವನ್ನು ಮುರಿಯಲೂ ಶಕ್ತಿ ಹಾಕಬೇಕು. ಶಕ್ತಿ ಸಿಗುವುದು ಹೊಸದಾಗಿ, ಮೊದಲಿಗಿಂತ ಭದ್ರವಾಗಿ ಕೂಡಿಕೊಳ್ಳುವಾಗ. ಎಟಿಪಿಯ ಬಾಲದಲ್ಲಿ ಋಣ ವಿದ್ಯುತ್ತಿನ ಫಾಸ್ಫೇಟುಗಳು ಒಂದನ್ನೊಂದು ತಳ್ಳುತ್ತ ಒತ್ತೊತ್ತಾಗಿ ನಿಂತಿವೆ, ಒಂದು ಕಳಚಿ ನೀರಿಗೆ ಸೇರಿದರೆ ಎರಡೂ ಕಡೆಯವರಿಗೆ ನೆಮ್ಮದಿ. ಇದು ಒಂದು ಕಾರಣ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಟಿಪಿಯನ್ನು ನೀರಿನಲ್ಲಿ ಕರಗಿಸಿ, ಒಡೆಯುವ ಕಿಣ್ವ ಹಾಕಿ ಬಿಟ್ಟುಬಿಟ್ಟರೆ ಕೊನೆಗೆ ಅದು ಹೆಚ್ಚುಕಡಿಮೆ ಎಲ್ಲವೂ ಒಡೆದು ಎರಡೇ ಫಾಸ್ಫೇಟಿನ ಎಡಿಪಿಯಾಗಿ ತಣ್ಣಗೆ ಕೂರುತ್ತದೆ. ಆಗಲೂ ಅಷ್ಟಿಷ್ಟು ಎಟಿಪಿ ಉಳಿದಿರುತ್ತದೆ, ಅದರ ಕೊಂಡಿಗಳೂ ಹಾಗೇ ಇರುತ್ತವೆ, ಆದರೆ ಅದರಿಂದ ಒಂದು ಸೊಳ್ಳೆಯ ರೆಕ್ಕೆಯನ್ನೂ ಆಡಿಸಲಾಗದು. ಜೀವಂತ ಕೋಶ ಎಟಿಪಿಯ ಪ್ರಮಾಣವನ್ನು ಆ ತಣ್ಣಗಿನ ಸ್ಥಿತಿಯಿಂದ ಕೋಟಿಗಟ್ಟಲೆ ಪಟ್ಟು ಮೇಲೆ ಎತ್ತಿ ಹಿಡಿದಿರುತ್ತದೆ. ಬಲ ಇರುವುದು ಆ ಎತ್ತರದಲ್ಲಿ. ಕೆರೆಯ ನೀರಿಗೂ ಬಾವಿಯ ನೀರಿಗೂ ನೀರಾಗಿ ಏನು ಭೇದ? ಕೆರೆಯ ನೀರು ಏರಿಯ ಆಚೆಗಿನ ಗದ್ದೆಗಿಂತ ಮೇಲಿದೆ, ಅದಕ್ಕೇ ತೂಬು ಎತ್ತಿದರೆ ಹರಿಯುತ್ತದೆ.

ಕೆರೆ, ಏರಿ, ತೂಬು ಎಂದದ್ದು ಬಾಯಿಚಪಲಕ್ಕಲ್ಲ. ಕೋಶದೊಳಗೆ ನಿಜಕ್ಕೂ ಅಂಥದೊಂದಿದೆ ಎಂದು ಒಬ್ಬ ಇಂಗ್ಲೆಂಡಿನವನು ಹೇಳಿ ನಗೆಪಾಟಲಾಗಿದ್ದ. 1937ರ ಹೊತ್ತಿಗೆ ಹ್ಯಾನ್ಸ್ ಕ್ರೆಬ್ಸ್ ಅನ್ನದ ಇಂಗಾಲ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಕಳಚುತ್ತದೆ ಎಂಬ ಚಕ್ರವನ್ನು ಬರೆದಿದ್ದರು. ಕಳಚುವಾಗ ಸಿಗುವ ಎಲೆಕ್ಟ್ರಾನುಗಳು ಕೋಶದೊಳಗಿನ ಪುಟ್ಟ ಅಂಗವಾದ ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ ಎಂಬುದೂ ಮುಂದೆ ತಿಳಿದುಬಂತು. ನಾವು ಉಸಿರೆಳೆಯುವುದು ಈ ಕೊನೆಯ ಕೈಗಾಗಿ. ಸಯನೈಡ್ ಹಿಡಿದು ನಿಲ್ಲಿಸುವುದೂ ಅದನ್ನೇ. ಆದರೆ ಈ ಎಲೆಕ್ಟ್ರಾನಿನ ಓಟಕ್ಕೂ ಎಟಿಪಿ ಹುಟ್ಟುವುದಕ್ಕೂ ನಡುವೆ ಕೊಂಡಿ ಯಾವುದು? ಮಧ್ಯೆ ಅಲೆಗೀಟಿನ ಇನ್ನೊಂದು ವಸ್ತು ಇರಲೇಬೇಕು ಎಂದು ದೊಡ್ಡ ದೊಡ್ಡ ಪ್ರಯೋಗಾಲಯಗಳು ವರ್ಷಗಟ್ಟಲೆ ಹುಡುಕಿದವು. ಸಿಗಲಿಲ್ಲ.

1961ರಲ್ಲಿ ಪೀಟರ್ ಮಿಚೆಲ್ ಬರೆದರು: ಅಂಥ ವಸ್ತುವೇ ಇಲ್ಲ, ಹುಡುಕುವುದು ಬಿಡಿ. ಎಲೆಕ್ಟ್ರಾನುಗಳ ಓಟ ಏತದಂತೆ ಪ್ರೋಟಾನುಗಳನ್ನು ಪೊರೆಯ ಆಚೆಗೆ ಎತ್ತಿ ಹಾಕುತ್ತದೆ. ಆಚೆ ಕಡೆ ಅವು ರಾಶಿಯಾಗುತ್ತವೆ. ಪೊರೆಯೇ ಏರಿ. ಅವು ವಾಪಸು ಬರಲು ಇರುವ ತೂಬಿನಲ್ಲಿ ಎಟಿಪಿ ತಯಾರಾಗುತ್ತದೆ. ರಸಾಯನಶಾಸ್ತ್ರದ ಪಂಡಿತರಿಗೆ ಇದು ಕೊಳಾಯಿ ಕೆಲಸದವನ ಮಾತಿನಂತೆ ಕೇಳಿಸಿತು. ಹೊಟ್ಟೆಹುಣ್ಣು ಹತ್ತಿಸಿಕೊಂಡ ಮಿಚೆಲ್ ಎಡಿನ್‌ಬರೋ ವಿಶ್ವವಿದ್ಯಾಲಯ ಬಿಟ್ಟು ಕಾರ್ನ್‌ವಾಲಿನಲ್ಲಿ ಗ್ಲಿನ್ ಹೌಸ್ ಎಂಬ ಪಾಳುಬಿದ್ದ ಬಂಗಲೆಯನ್ನು ಕೊಂಡು, ತಾವೇ ನಿಂತು ರಿಪೇರಿ ಮಾಡಿಸಿ, ಮನೆತನದ ದುಡ್ಡು ಹಾಕಿ, ಸಹೋದ್ಯೋಗಿ ಜೆನಿಫರ್ ಮೊಯ್ಲ್ ಜತೆ ಅಲ್ಲೇ ಪುಟ್ಟ ಪ್ರಯೋಗಾಲಯ ತೆರೆದರು. ಲೆಕ್ಕಕ್ಕೆ ಸಿಕ್ಕದವರಂತೆ ದೂರ ಕೂತು ಪ್ರೋಟಾನ್ ಎಣಿಸಿದರು. ಆ ಏರಿಯ ಎತ್ತರವೆಷ್ಟು ಎಂದರೆ, ಪೊರೆಯ ಎರಡು ಬದಿಗೆ 150 ಮಿಲಿವೋಲ್ಟ್ ಆಸುಪಾಸಿನ ವ್ಯತ್ಯಾಸ. ಟಾರ್ಚಿನ ಶೆಲ್ಲಿನ ಹತ್ತರಲ್ಲೊಂದು ಪಾಲು, ನಗು ಬರುವಷ್ಟು ಕಡಿಮೆ. ಆದರೆ ಪೊರೆಯ ದಪ್ಪ ಐದು ನ್ಯಾನೋಮೀಟರು. ಅದನ್ನು ಮೀಟರಿಗೆ ಹಿಗ್ಗಿಸಿದರೆ 3 ಕೋಟಿ ವೋಲ್ಟ್! ಮಿಂಚಿಗೆ ಗಾಳಿಯನ್ನು ಸೀಳಲು ಅಷ್ಟು ಬೇಕಿಲ್ಲ.

ಮಿಚೆಲ್ ಹೇಳಿದ್ದನ್ನು ಬಹುಮಂದಿ ಒಪ್ಪುವಂತೆ ಮಾಡಿದ್ದು 1974ರ ಒಂದು ಪ್ರಯೋಗ. ಅದರ ಸಾಮಾನುಪಟ್ಟಿಯೇ ತಮಾಷೆಯಾಗಿದೆ. ಎಫ್ರೇಮ್ ರೇಕರ್ ಮತ್ತು ವಾಲ್ಟರ್ ಸ್ಟೋಕೆನಿಯಸ್ ಸೋಯಾಬೀನಿನ ಕೊಬ್ಬಿನಿಂದ ಪುಟ್ಟ ಗುಳ್ಳೆಗಳನ್ನು ಮಾಡಿದರು. ಉಪ್ಪಿನ ಕೆರೆಗಳಲ್ಲಿ ಬದುಕುವ ಸೂಕ್ಷ್ಮಜೀವಿಯೊಂದರ ನೇರಳೆ ಪ್ರೋಟೀನನ್ನು ಅದಕ್ಕೆ ಹೂತರು. ಬೆಳಕು ಬಿದ್ದರೆ ಪ್ರೋಟಾನ್ ಎತ್ತುವುದಷ್ಟೇ ಅದರ ಕಸುಬು. ಜತೆಗೆ ಹಸುವಿನ ಹೃದಯದಿಂದ ತೆಗೆದ ತೂಬು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಮಧ್ಯೆ ಗುಟ್ಟಿನ ವಸ್ತು ಅಡಗಿರಲು ಜಾಗವೂ ಇಲ್ಲ. ದೀಪ ಹಚ್ಚಿದರು, ಎಟಿಪಿ ಬಂತು. ಮಿಚೆಲ್‌ಗೆ 1978ರ ನೊಬೆಲ್ ಬಂತು.

ಇನ್ನು ಆ ತೂಬಿನ ವಿಚಾರ. ಅದು ಬರೀ ತೂಬಲ್ಲ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ಯಂತ್ರಗಳ ಹಾಗೆ ಗಿರ್ರನೆ ತಿರುಗುವ ಚಕ್ರ. ಪೊರೆಯಲ್ಲಿ ಕೂತ ಗಾಲಿಯೊಂದಕ್ಕೆ ಪ್ರೋಟಾನುಗಳು ಒಂದೊಂದಾಗಿ ಹತ್ತಿ, ಒಂದು ಸುತ್ತು ಬಂದು ಇಳಿಯುತ್ತವೆ, ಜಾತ್ರೆಯ ತಿರುಗುತೊಟ್ಟಿಲು ಹತ್ತಿದವರಂತೆ. ಹಸು, ಮನುಷ್ಯರಂಥ ಪ್ರಾಣಿಗಳಲ್ಲಿ ಎಂಟು ಪ್ರೋಟಾನಿಗೆ ಒಂದು ಸುತ್ತು, ಸುತ್ತಿಗೆ ಮೂರು ಎಟಿಪಿ, ಸೆಕೆಂಡಿಗೆ ನೂರು ಸುತ್ತಿನ ಆಸುಪಾಸು. ಪಾಲ್ ಬೋಯರ್ ಇದು ತಿರುಗಲೇಬೇಕು ಎಂದು ತರ್ಕಿಸಿದ್ದರು, ಜಾನ್ ವಾಕರ್ ಅದರ ಆಕಾರ ಬಿಡಿಸಿ ತೋರಿಸಿದರು. 1997ರಲ್ಲಿ ಜಪಾನಿನ ನೋಜಿ, ಯೋಶಿದಾ, ಕಿನೋಸಿತಾ ತಂಡ ಅದರ ಅಚ್ಚಿಗೆ ಹೊಳೆಯುವ ಪ್ರೋಟೀನ್ ಎಳೆಯೊಂದನ್ನು ಕಟ್ಟಿ, ಸೂಕ್ಷ್ಮದರ್ಶಕದಡಿ ಎಟಿಪಿ ಹನಿಸಿ ಹಿಮ್ಮುಖವಾಗಿ ಓಡಿಸಿದರು. ಎಳೆ ಗಡಿಯಾರದ ಎದುರು ದಿಕ್ಕಿಗೆ ಸುತ್ತುತ್ತಿತ್ತು. ಅದೇ ವರ್ಷ ಬೋಯರ್, ವಾಕರ್ ಇಬ್ಬರೂ ನೊಬೆಲ್ ಹಂಚಿಕೊಂಡರು.

ನನಗೆ ತುಂಬ ಹಿಡಿಸಿದ್ದು ಬೋಯರ್ ಕಂಡ ಒಂದು ಸೂಕ್ಷ್ಮ. ಚಕ್ರದ ಬಲ ಖರ್ಚಾಗುವುದು ಎಟಿಪಿಯನ್ನು ಕಟ್ಟಲಿಕ್ಕೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಲ್ಲ. ಕಿಣ್ವದ ಹಿಡಿತದೊಳಗೆ ಎಡಿಪಿಯೂ ಫಾಸ್ಫೇಟೂ ಹೆಚ್ಚು ಕಷ್ಟವಿಲ್ಲದೆ ಎಟಿಪಿಯಾಗಿಬಿಡುತ್ತವೆ. ಆದರೆ ಕಿಣ್ವ ಅದನ್ನು ಗಟ್ಟಿಯಾಗಿ ಅಪ್ಪಿಕೊಂಡು ಬಿಡುವುದೇ ಇಲ್ಲ. ಅಚ್ಚು ತಿರುಗಿ ಆ ಮುಷ್ಟಿಯನ್ನು ಬಿಡಿಸಬೇಕು. ಬಲ ಬೇಕಾಗಿರುವುದು ಮಾಡಲಿಕ್ಕಲ್ಲ, ಬಿಡಿಸಲಿಕ್ಕೆ.

ಸತ್ತವರ ಮೈ ಸೆಟೆದುಕೊಳ್ಳುವುದರಲ್ಲೂ ಇದೇ ತಿರುಗುಮುರುಗು. ಸ್ನಾಯು ಬಿಗಿಯಲು ಶಕ್ತಿ ಬೇಕು, ಸಡಿಲಗೊಳ್ಳುವುದು ವಿಶ್ರಾಂತಿ ಎಂದು ನಾವು ಭಾವಿಸುತ್ತೇವೆ. ಆದರೆ ಸ್ನಾಯುವಿನ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿದದ್ದನ್ನು ಬಿಡಿಸುವುದೂ ಎಟಿಪಿಯೇ. ಉಸಿರು ನಿಂತು ಎಟಿಪಿ ತೀರಿದ ಮೇಲೆ ಕಚ್ಚಿದ್ದು ಕಚ್ಚಿಕೊಂಡೇ ಇರುತ್ತದೆ. ಹೆಣವನ್ನು ಬೇಗ ಕೂರಿಸಬೇಕು, ಕಾಲು ಮಡಿಸಬೇಕು ಎಂದು ಹಿರಿಯರು ಅವಸರ ಮಾಡುವುದು ಇದನ್ನು ಕಂಡೇ.

ಏರಿಯಲ್ಲಿ ಬೋಂಗಾ ಬಿದ್ದರೆ? ಒಂದನೇ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡಿಎನ್‌ಪಿ ಎಂಬ ಹಳದಿ ಪುಡಿ ತಗುಲಿದ ಕೆಲಸಗಾರರು ಬೆವರಿ, ಜ್ವರ ಬಂದು, ಸೊರಗುತ್ತಿದ್ದರು. ಅದು ಪ್ರೋಟಾನುಗಳನ್ನು ಪೊರೆಯ ಮೂಲಕ ಕಳ್ಳದಾರಿಯಲ್ಲಿ ದಾಟಿಸುತ್ತದೆ ಎಂದು ಆಗ ಯಾರಿಗೂ ತಿಳಿಯದು. ಚಕ್ರ ತಿರುಗುವುದಿಲ್ಲ, ಅನ್ನವೆಲ್ಲ ಬರೀ ಬಿಸಿ. 1933ರಲ್ಲಿ ಅಮೆರಿಕದಲ್ಲಿ ಅದನ್ನೇ ತೆಳ್ಳಗಾಗುವ ಮಾತ್ರೆಯಾಗಿ ಕೊಡತೊಡಗಿದರು. ಸಾವಿರಾರು ಜನ ನುಂಗಿದರು. ತೂಕವೇನೋ ಇಳಿಯಿತು. ಕೆಲವರ ಕಣ್ಣಿಗೆ ಪೊರೆ ಬಂತು, ಕೆಲವರು ಮೈಯೊಳಗಿನ ಬಿಸಿಗೇ ಸತ್ತರು. 1938ರಲ್ಲಿ ಅದನ್ನು ನಿಲ್ಲಿಸಿದರು. ಈಗಲೂ ಅಂತರ್ಜಾಲದಲ್ಲಿ ಕದ್ದು ತರಿಸಿಕೊಂಡು ನುಂಗಿ ಸಾಯುವವರಿದ್ದಾರೆ.

ಅದೇ ಸೋರಿಕೆಯನ್ನು ಹಸುಗೂಸು ಬೇಕೆಂದೇ ಮಾಡುತ್ತದೆ. ಎಳೆಮಗುವಿಗೆ ಚಳಿಗೆ ನಡುಗಿ ಬೆಚ್ಚಗಾಗಲು ಬಾರದು. ಅದರ ಬೆನ್ನಿನ ಮೇಲ್ಭಾಗ, ಕತ್ತಿನ ಸುತ್ತ ಕಂದುಬಣ್ಣದ ಕೊಬ್ಬಿದೆ. ಅಲ್ಲಿನ ಮೈಟೋಕಾಂಡ್ರಿಯಗಳ ಪೊರೆಯಲ್ಲಿ ಬೇಕಾದಾಗ ತೆರೆದುಕೊಳ್ಳುವ ಕೋಡಿಯೊಂದಿದೆ, ಅಲ್ಲಿ ಪ್ರೋಟಾನುಗಳು ಚಕ್ರ ತಿರುಗಿಸದೆ ಹರಿದುಹೋಗಿ ಬಿಸಿ ಮಾತ್ರ ಉಳಿಸುತ್ತವೆ. ಬಾಣಂತಿ ಕೋಣೆಯ ಇದ್ದಿಲು ಹೊಗೆ ಮಗುವಿಗೆ ಕೆಡುಕೇ. ಅದರ ಅಗ್ಗಿಷ್ಟಿಕೆ ಅದರ ಬೆನ್ನಲ್ಲೇ ಇದೆ. ಒಂದು ಬಟ್ಟೆ ಸುತ್ತಿ ತಾಯಿಯ ಎದೆಗೆ ಹಾಕಿದರೆ ಸಾಕು.

ಮೃಗಪಕ್ಷಿಗಳ ಮಿದುಳಿನ ಕೋಶಗಳಿಗೆ ಕೆಲವು ನಿಮಿಷ ಆಮ್ಲಜನಕ ತಪ್ಪಿದರೆ ಏರಿ ಒಡೆದು ಕತೆ ಮುಗಿಯಿತು. ರಾಗಿಯ ಕಾಳು ಅಷ್ಟು ಅವಸರದ್ದಲ್ಲ. ಒಣಗುವಾಗ ಅದರ ಕೋಶದೊಳಗಿನ ರಸ ಹದಮೀರಿದ ಪಾಕದಂತೆ ಗಟ್ಟಿಯಾಗಿ ಗಾಜಿನಂತಾಗುತ್ತದೆ. ಒಳಗಿನ ಅಣುಗಳಿಗೆ ಅಲುಗಾಡಲು ಬಿಡುವಿಲ್ಲ, ಕೆಡಲೂ ಬಿಡುವಿಲ್ಲ. ಎಟಿಪಿ ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ ಹಾಗೇ ಕೂರುತ್ತದೆ. ನೀರು ತಾಕಿದರೆ ನಿಮಿಷಗಳಲ್ಲೇ ಉಸಿರಾಟದ ವೇಗ ಏರತೊಡಗುತ್ತದೆ, ಅರೆಬರೆಯಾಗಿದ್ದ ಮೈಟೋಕಾಂಡ್ರಿಯಗಳು ಗಂಟೆಗಳಲ್ಲಿ ರಿಪೇರಿಯಾಗುತ್ತವೆ, ಪಿಷ್ಟ ಮುರಿದು ಸಕ್ಕರೆಯಾಗುತ್ತದೆ.

ಮಕ್ಕಳ ಸರಿಹಿಟ್ಟಿಗೆಂದು ನಮ್ಮಜ್ಜಿ ರಾಗಿಯನ್ನು ಮೊಳಕೆ ಕಟ್ಟುತ್ತಿದ್ದರು. ಒಂದು ರಾತ್ರಿ ನೆನೆಸಿ, ನೀರು ಬಸಿದು, ಬಿಳಿಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಅಕ್ಕಿಡಬ್ಬಿಯ ಪಕ್ಕ ಇಡುತ್ತಿದ್ದರು. ಅನ್ನದಲ್ಲಿದ್ದ ಶಕ್ತಿಯ ಅರ್ಧ, ಕೆಲವೊಮ್ಮೆ ಮೂರರಲ್ಲೆರಡು ಪಾಲು, ಎಟಿಪಿಯ ಕೈಗೆ ಸಿಕ್ಕದೆ ಬಿಸಿಯಾಗಿ ಸೋರಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದವರೇ ಗಂಟನ್ನು ಬಿಚ್ಚದೆ ಅದರ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ, “ಮೊಳಕೆ ಬಂದಿದೆ ಕಣೇ” ಎಂದು ಅಮ್ಮನನ್ನು ಕೂಗುತ್ತಿದ್ದರು.